ಲಿನೊ ಸಿಲ್ವೇರ ‘ಹೂಂ’ ಅಂದದ್ದು

ನನ್ನ ಅಜ್ಜಿಯ ಕಥೆಗಳಲ್ಲಿ ಕೆಡುವವರೆಲ್ಲ ಮಾತು ಹೆಚ್ಚಾಗಿಯೇ ಕೆಡುತ್ತಿದ್ದರು. ರಾಜನ ಮೂರನೆಯ ಮಗ ರಾಕ್ಷಸನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ, ಗಿಣಿ ಗುಟ್ಟು ಬಿಡುತ್ತಿತ್ತು, ಮಂತ್ರಿಯ ಹೆಂಡತಿ ಬಾವಿಕಟ್ಟೆಯಲ್ಲಿ ಬಾಯಿ ತೆರೆಯುತ್ತಿದ್ದಳು. ನಮ್ಮ ಫೇರ್‌ಫ್ಯಾಕ್ಸ್ ಊರಿನ ಲಿನೊ ಸಿಲ್ವೇರನಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಅವನು ಒಂದೇ ಒಂದು ‘ಹೂಂ’ನಲ್ಲಿ ಕೆಟ್ಟ. ಅದೂ ಬಾಯಿ ತುಂಬ ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಅಂದ ಹೂಂ. ಬೇಕರಿಯಲ್ಲಿ ಬನ್ನು ಕೊಡುವ ಕೆಲಸ ಆಗ ನನ್ನದಾಗಿತ್ತಾದ್ದರಿಂದ ಇದು ನನ್ನ ಕಣ್ಣೆದುರೇ ನಡೆಯಿತು.

ಲಿನೊ ಮುಖ್ಯ ಬೀದಿಯಲ್ಲಿ ಮೊಳೆ, ತಿರುಪು, ಬಾಗಿಲ ಕೀಲುಗಳ ಅಂಗಡಿ ಇಟ್ಟಿದ್ದ. ಬೀಗದಕೈಯನ್ನೂ ಮಾಡಿಕೊಡುತ್ತಿದ್ದ. ಅವನು ಮಾಡಿಕೊಟ್ಟ ಬೀಗದಕೈ ನಿಮ್ಮ ಮನೆಗೆ ಸೇರದಿದ್ದರೆ ಪಕ್ಕದ ಮನೆಗಾದರೂ ಸೇರುತ್ತದೆ ಎಂಬ ನಂಬಿಕೆ ಊರಲ್ಲಿತ್ತು. ಯಾರಿಗೂ ಇಲ್ಲ ಎನ್ನಲು ಬರದ ಮನುಷ್ಯ. ಚುನಾವಣೆಯ ವರ್ಷವಾದ್ದರಿಂದ ಎರಡು ಪಕ್ಷದವರೂ ಬಂದು ಕೇಳಿ ಹೋಗಿದ್ದರು. ಅವನ ಅಂಗಳದಲ್ಲಿ ಇಬ್ಬರು ಅಭ್ಯರ್ಥಿಗಳ ಫಲಕಗಳೂ ಜಗಳವಾಡಿದ ಗಂಡಹೆಂಡಿರಂತೆ ಬೆನ್ನು ತಿರುಗಿಸಿ ನಿಂತಿದ್ದವು. ಮದುವೆಯಾಗಿರಲಿಲ್ಲ, ಏಕೆಂದರೆ ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದರೆ ಖಂಡಿತ ಹೂಂ ಅನ್ನುತ್ತಿದ್ದ. ಊರಾಚೆ, ತಂದೆಯ ಕಾಲದ ಹೈನಿನ ಮನೆಯಲ್ಲಿ, ಹಸುಗಳೆಲ್ಲ ಮಾರಿಹೋದ ಮೇಲೂ, ಅಕ್ಕ ಡೆಲ್ಫಿನಾಳ ಜೊತೆ ಇದ್ದ. ಅಸೋರ್ಸ್ ದ್ವೀಪಗಳಿಂದ ಬಂದವರ ಪೈಕಿ ನಮ್ಮೂರಲ್ಲಿ ಉಳಿದದ್ದು ಆ ಮನೆ ಒಂದೇ. ಡೆಲ್ಫಿನಾಳನ್ನು ಊರೆಲ್ಲ ಅವರ ಭಾಷೆಯಲ್ಲೇ ‘ಟಿಯಾ’, ಅಂದರೆ ಅತ್ತೆ, ಎಂದು ಕರೆಯುತ್ತಿತ್ತು. ಹಾಗೆ ಕರೆದರೂ ಅವಳು ಬಾಗಿಲನ್ನು ತನ್ನ ಮೂಗಿನಷ್ಟೇ ಅಗಲ ತೆರೆಯುತ್ತಿದ್ದಳು.

ಆ ಹೊತ್ತಿಗೆ ನಮ್ಮ ಬೆಟ್ಟಕ್ಕೆ ಹುಚ್ಚು ಹಿಡಿದಿತ್ತು. ಬೆಟ್ಟವೆಂದರೆ ಟಮಲ್ಪಾಯಿಸ್, ದೂರದಿಂದ ನೋಡಿದರೆ ಕೂದಲು ಹರಡಿ ಮಲಗಿದ ಹೆಂಗಸು. ಆ ಮಲಗಿದವಳ ಮೈಮೇಲೆ ಉದ್ದ ಕೂದಲಿನ ಹುಡುಗರ ಒಂದು ದಂಡು ಸೈಕಲ್ ಬಿಡತೊಡಗಿತ್ತು. ಸೈಕಲ್ಲೆಂದರೆ ಹೊಸದಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ, ಹೆಬ್ಬಾವಿನಷ್ಟು ದಪ್ಪ ಟೈರಿನ, ಪೇಪರ್ ಹಾಕುವವರ ಹಳೇ ಭಾರದ ಸೈಕಲ್ಲುಗಳು. ಅವನ್ನು ಗುಜರಿಯಿಂದ, ಕೋಳಿಗೂಡಿನಿಂದ, ಸತ್ತವರ ಅಟ್ಟದಿಂದ ಹುಡುಕಿ ತರುತ್ತಿದ್ದರು. ಮಡ್‌ಗಾರ್ಡು, ಗಂಟೆ, ಸ್ಟ್ಯಾಂಡು ಎಲ್ಲ ಕಿತ್ತೆಸೆದು, ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಮೇಲೆ ಹೋಗಿ, ಕಾಳ್ಗಿಚ್ಚಿನ ಕಾಲಕ್ಕೆಂದು ಕಡಿದ ಮಣ್ಣುರಸ್ತೆಯಲ್ಲಿ ಕೆಳಗೆ ಉರುಳುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಹಿಂಚಕ್ರದ ನಟ್ಟನಡುವಿನ ಗುಂಬದೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿ ಹೋಗಿರುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ರಸ್ತೆಗೆ ಅವರು ‘ರೀಪ್ಯಾಕ್’, ಅಂದರೆ ಮತ್ತೆ ತುಂಬು, ಎಂದೇ ಹೆಸರಿಟ್ಟಿದ್ದರು. ಕೆಳಗೆ ಬಂದವನ ಚಕ್ರದ ಗುಂಬ ಮುಟ್ಟಿ ಬೆರಳು ಸುಟ್ಟುಕೊಳ್ಳುವುದು ಅವರಲ್ಲಿ ಕೈಕುಲುಕಿದ ಹಾಗೆ.

ಆವತ್ತು ಅವರು ಬೇಕರಿಯಲ್ಲಿ ಕೂತು, ಮೊಣಕೈಯ ಗಾಯಗಳಿಗೆ ನನ್ನ ಕಾಗದದ ಕರವಸ್ತ್ರಗಳನ್ನೆಲ್ಲ ಖಾಲಿ ಮಾಡುತ್ತ, ಈ ಆಟವನ್ನು ಮೊದಲು ಕಂಡುಹಿಡಿದವರು ಯಾರು ಎಂದು ಜಗಳವಾಡುತ್ತಿದ್ದರು. ಆ ಜಗಳ ದಿನವೂ ಇತ್ತು. ದಂಡಿನ ಮುಖಂಡ ಡೆನ್ನಿ ಕ್ರಾಲ್ ಎಂಬವನು, ತನಗಿಂತ ಮುಂಚೆ ಆ ರಸ್ತೆಯಲ್ಲಿ ನರಮನುಷ್ಯ ಸೈಕಲ್ ಮೇಲೆ ಇಳಿದೇ ಇಲ್ಲ ಎಂದು ಘೋಷಿಸಿದ. ಮೂಲೆಯ ಮೇಜಿನಲ್ಲಿದ್ದ ಲಿನೊ, ಯಾರೂ ಕೇಳದೆಯೇ, ಯುದ್ಧಕ್ಕೆ ಮುಂಚೆ ಒಬ್ಬ ಇಳಿದಿದ್ದ, ಪೇಪರ್ ಹಾಕುವ ಸೈಕಲ್ಲಿನಲ್ಲಿ, ಎಂದುಬಿಟ್ಟ.

ಬೇಕರಿಯ ತಲೆಗಳೆಲ್ಲ ಮೂಲೆಗೆ ತಿರುಗಿದವು.

“ಯಾರು?” ಎಂದ ಡೆನ್ನಿ. “ನೀವಾ?”

ಹೇಳಬೇಕಾದ ಹೆಸರು ಗಿಲ್. ಲಿನೊನ ತಮ್ಮ. ಹದಿನಾರು ವರ್ಷದವನಿದ್ದಾಗ ಒಂದು ಬೇಸಿಗೆಯಲ್ಲಿ ಆ ಬೆಟ್ಟ ಇಳಿದ. ಅದೇ ಶರತ್ಕಾಲದಲ್ಲಿ ಪೋಲಿಯೊ ಬಂದು ಕಾಲು ಬಿದ್ದುಹೋಯಿತು. ಚಳಿ ಬರುವಷ್ಟರಲ್ಲಿ ಹುಡುಗನೇ ಇರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ತೀರಾ ಅಗತ್ಯ ಬಿದ್ದರೆ ಅಕ್ಕ ತಮ್ಮ ಇಬ್ಬರೂ ‘ಆ ವರ್ಷ’ ಅನ್ನುತ್ತಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆವತ್ತು ನಾನು ಕಂಡದ್ದು ಇಷ್ಟೇ: ಲಿನೊ ಬಾಯಿ ತೆರೆದ, ಮುಚ್ಚಿದ, ಬನ್ನು ನುಂಗಲಾರದೆ ಕಣ್ಣು ಕೆಂಪಗಾಯಿತು, ಹಾಗೂ ಚರಿತ್ರೆ ಮುಂದಕ್ಕೆ ಹೋಗಲು ಕಾಯುತ್ತಿತ್ತು.

“ಹೂಂ,” ಎಂದ ಲಿನೊ.

ಸಂಜೆಯೊಳಗೆ ಅವನಿಗೆ ‘ಮೊದಲಿಗ’ ಎಂಬ ಬಿರುದು ಬಂದಾಗಿತ್ತು. ಮೂವತ್ತು ದಾಟಿದವರನ್ನೆಲ್ಲ ಮುದುಕರೆಂದು ತಳ್ಳಿಹಾಕುತ್ತಿದ್ದ ಆ ದಂಡು, ಐವತ್ತು ದಾಟಿದ ಲಿನೊ ಬೀದಿಯಲ್ಲಿ ಕಂಡರೆ ಸೈಕಲ್ ಇಳಿದು ನಿಲ್ಲತೊಡಗಿತು. ಅವನ ಅಂಗಡಿಯ ಮೊಳೆಗಳಿಗೆ ಹಠಾತ್ತಾಗಿ ಗಿರಾಕಿ ಹುಟ್ಟಿಕೊಂಡಿತು. ಮೊಳೆಯಿಂದ ಏನು ಮಾಡುತ್ತೀರಿ ಎಂದು ನಾನು ಒಬ್ಬನನ್ನು ಕೇಳಿದರೆ, ಮೊದಲಿಗನ ಕೈಯಿಂದ ಬಂದದ್ದು, ಇಟ್ಟುಕೊಳ್ಳುತ್ತೇನೆ ಎಂದ.

ಮರುದಿನ, ಲಿನೊ ಅಂಗಡಿಯಲ್ಲಿದ್ದಾಗ, ಡೆನ್ನಿಯೂ ಅವನ ಜೊತೆ ಇಳಿಯುವ ಮಾರ್ಗೋ ಎಂಬ ಹುಡುಗಿಯೂ ಸಿಲ್ವೇರರ ಮನೆ ಬಾಗಿಲು ತಟ್ಟಿದರು. ಬಾಗಿಲು ಮೂಗಿನಷ್ಟಗಲ ತೆರೆಯಿತು. ಡೆನ್ನಿ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬೆಟ್ಟ ಇಳಿದ ಆ ಸೈಕಲ್ಲು ಇನ್ನೂ ಇದೆಯೇ, ಒಮ್ಮೆ ನೋಡಬಹುದೇ ಎಂದು ಕೇಳಿದ.

ಟಿಯಾ ಡೆಲ್ಫಿನಾ ಬಾಗಿಲ ಚಿಲಕ ಹಿಡಿದೇ ಕೇಳಿದಳು.

“ನಿಮಗ್ಯಾರು ಹೇಳಿದ್ರು ಅದನ್ನ?”

“ಲಿನೊ ಅವರೇ, ಟಿಯಾ.”

“ಲಿನೊ ಹೇಳಿದ್ನಾ? ಬಾಯಿಬಿಟ್ಟು ಹೇಳಿದ್ನಾ?”

“ಬೇಕರೀಲಿ. ಎಲ್ರ ಮುಂದೆ.”

ಬಾಗಿಲು ಪೂರ್ತಿ ತೆರೆಯಿತು. ಆ ಮನೆಯ ಕೀಲು ಅಷ್ಟು ತೆರೆದು ಅಭ್ಯಾಸವಿಲ್ಲದೆ ಕಿರುಚಿತು ಎಂದು ಮಾರ್ಗೋ ಹೇಳಿದಳು.

ಹಿತ್ತಲ ಹಾಲಿನ ಕೊಟ್ಟಿಗೆಯಲ್ಲಿ, ಓಟ್ಸಿನ ಗೋಣಿಗಳ ಕೆಳಗೆ ಸೈಕಲ್ಲಿತ್ತು. ಟೈರು ಸೀಳಿತ್ತು, ಪೇಪರ್ ಚೀಲದ ಕ್ಯಾರಿಯರ್ ಜಂಗು ಹಿಡಿದಿತ್ತು, ಆದರೆ ಕಬ್ಬಿಣದ ಚೌಕಟ್ಟು ಮಾತ್ರ, ಈ ಹುಡುಗರು ಮೂರು ಕೌಂಟಿಗಳ ಕೋಳಿಗೂಡುಗಳಲ್ಲಿ ಹುಡುಕಿ ಸಿಗದೆ ಬಂದ ಜಾತಿಯದು. ಮಾರ್ಗೋ ಅಲ್ಲೇ ಮಂಡಿಯೂರಿದಳು. ಡೆನ್ನಿಯೂ ಊರಿದ. ನಿಜ ಹೇಳಬೇಕೆಂದರೆ ಅವರು ಚೌಕಟ್ಟಿನ ಅಡಿಯಲ್ಲಿ ಬಿರುಕು ಇದೆಯೇ ಎಂದು ನೋಡುತ್ತಿದ್ದರು. ಟಿಯಾಗೆ ಕಂಡದ್ದು ಬೇರೆ: ಯಾರೋ ಇಬ್ಬರು ಅಪರಿಚಿತ ಮಕ್ಕಳು ತನ್ನ ಗಿಲ್‌ನ ಸೈಕಲ್ಲಿನ ಮುಂದೆ ಮಂಡಿಯೂರಿದ್ದಾರೆ. ಅವಳು ಮುಖಕ್ಕೆ ಏಪ್ರನ್ ಒತ್ತಿಕೊಂಡು ಒಳಗೆ ಹೋಗಿ ಹಿಟ್ಟು ನಾದತೊಡಗಿದಳು.

ಲಿನೊ ಅಂಗಡಿ ಮುಚ್ಚಿ ಬಂದಾಗ ಮನೆಯ ಎಲ್ಲ ದೀಪ ಉರಿಯುತ್ತಿದ್ದವು. ಮೇಜಿನ ಮೇಲೆ ಮೊಟ್ಟೆ ಹಾಕಿದ ಸಿಹಿ ಬ್ರೆಡ್ಡು, ಸುತ್ತ ದಂಡಿನ ಅರ್ಧದಷ್ಟು ಜನ. ಅಕ್ಕ ಎದ್ದು ಬಂದು ಅವನ ಟೋಪಿ ತೆಗೆದು ಹಣೆಗೆ ಮುತ್ತು ಕೊಟ್ಟಳು.

“ಕೊನೆಗೂ ಹೇಳ್ಬಿಟ್ಯಲ್ಲ, ಲಿನೊ. ನಾನು ಎಷ್ಟು ಕಾದಿದ್ದೆ ಗೊತ್ತಾ.”

ಲಿನೊ ಸುತ್ತ ನೋಡಿದ. ಹುಡುಗರು ನೋಡುತ್ತಿದ್ದರು. ಅಕ್ಕನ ಮುಖದ ಮೇಲೆ ಅವನು ತನ್ನ ಯೌವನದ ನಂತರ ನೋಡಿರದ ಒಂದು ಕಳೆ ಇತ್ತು. ಅವನು ಹೂಂ ಅಂದ.

ಆಮೇಲೆ ನಡೆದ ಊಟವನ್ನು ಮಾರ್ಗೋ ನನಗೆ ಅಷ್ಟೂ ಹೇಳಿದ್ದಾಳೆ. ಟಿಯಾ ಹೆಸರು ಹೇಳಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೇಳದ ಹೆಸರು ಒಂದೇ ಸಂಜೆಗೆ ನಾಲಿಗೆಗೆ ಹತ್ತುವುದಿಲ್ಲ. ಬರೀ ‘ಅವನು’ ಎನ್ನುತ್ತಿದ್ದಳು. ಕೇಳುವವರಿಗೂ ‘ಅವನು’ ಯಾರೆಂಬುದರಲ್ಲಿ ಅನುಮಾನವಿರಲಿಲ್ಲ. ಅವನು ಮೇಜಿನ ತುದಿಯಲ್ಲಿ ಬ್ರೆಡ್ಡು ಪುಡಿ ಮಾಡುತ್ತ ಕೂತಿದ್ದ.

“ಅವನ ಕೂದಲು ನೀವು ನೋಡ್ಬೇಕಿತ್ತು,” ಎಂದಳು ಟಿಯಾ. “ಹಸುಗಳು ಕೂಡ ತಿರುಗಿ ನೋಡ್ತಿದ್ವು.”

ಎಲ್ಲರೂ ಲಿನೊನ ತಲೆ ನೋಡಿದರು. ದೀಪದ ಬೆಳಕು ಅಲ್ಲಿ ಬಿದ್ದು ಸಲೀಸಾಗಿ ಜಾರುತ್ತಿತ್ತು. ಮರ್ಯಾದಸ್ಥೆಯಾದ ಮಾರ್ಗೋ, ಈಗಲೂ ಸ್ವಲ್ಪ ಅಂದಾಜು ಸಿಗುತ್ತದೆ ಎಂದಳು. ಮನೆತನದ ಹೋಲಿಕೆಯ ಮಾತೆಂದು ಟಿಯಾಗೆ ಖುಷಿಯಾಗಿ ಅವಳಿಗೆ ಇನ್ನೊಂದು ತುಂಡು ಬ್ರೆಡ್ಡು ಬಿತ್ತು.

ಹುಡುಗಿಯರು ಹಾಲಿನ ನೆಪ ಮಾಡಿಕೊಂಡು ಬರುತ್ತಿದ್ದರಂತೆ; ಮನೆಯಲ್ಲಿ ನಾಲ್ಕು ಹಸು ಕಟ್ಟಿದ್ದವರ ಹುಡುಗಿಯರೂ ಬರುತ್ತಿದ್ದರಂತೆ. ದಂಡು ಲಿನೊನನ್ನು ಹೊಸ ಗೌರವದಿಂದ ನೋಡಿತು. ಲಿನೊ ಕಾಫಿ ಲೋಟದೊಳಗೆ ಇಳಿಯಲು ಪ್ರಯತ್ನಿಸುತ್ತಿದ್ದ. ಅಷ್ಟರಲ್ಲಿ ಡೆನ್ನಿ ಬಹಳ ಮೃದುವಾಗಿ ಕೇಳಿದ:

“ಮತ್ತೆ ಯಾಕೆ ಇಳಿಯೋದು ಬಿಟ್ಟಿದ್ದು, ಟಿಯಾ?”

ಟಿಯಾ ತನ್ನ ಕೈಗಳನ್ನು ನೋಡಿಕೊಂಡಳು. “ಕಾಲು ಹೋಯ್ತಲ್ಲಪ್ಪ.”

ದಂಡಿನವರು ಒಬ್ಬೊಬ್ಬರಾಗಿ, ಚಮಚ ಬೀಳಿಸಿಕೊಂಡವರಂತೆ, ಮೇಜಿನ ಕೆಳಗೆ ಬಗ್ಗಿ ನೋಡಿದರು. ಲಿನೊಗೆ ಎರಡು ಕಾಲಿದ್ದವು, ಎರಡರಲ್ಲೂ ಕಾಲುಚೀಲವಿತ್ತು. ಡೆನ್ನಿ ನಿಟ್ಟುಸಿರು ಬಿಟ್ಟು, ಎಲ್ಲವನ್ನೂ ಅರ್ಥ ಮಾಡಿಕೊಂಡವನಂತೆ ತಲೆಯಾಡಿಸಿದ.

“ಮಂಡಿ,” ಎಂದ ಪಕ್ಕದವನಿಗೆ. “ಈ ಆಟದಲ್ಲಿ ಮೊದಲು ಹೋಗೋದೇ ಮಂಡಿ, ಮಾರಾಯ.”

ಇಲ್ಲಿಂದ ಮುಂದೆ ಲಿನೊನ ಒಂದು ಹೂಂ ಮರಿ ಹಾಕತೊಡಗಿತು. ಊರಿನ ಇತಿಹಾಸ ಸಂಘದ ಅಧ್ಯಕ್ಷೆ, ಮತ್ತು ಸಂಘದ ಏಕೈಕ ಸದಸ್ಯೆಯೂ ಆದ ಮಿಸೆಸ್ ಟ್ರಾಂಟರ್ ಅಂಗಡಿಗೆ ಬಂದು ಅವನ ನೆನಪುಗಳನ್ನು ಬರೆದುಕೊಳ್ಳಲು ಕೂತರು. ಲಿನೊಗೆ ನೆನಪು ಕಡಿಮೆಯಿದ್ದರೂ ಅವರ ಹತ್ತಿರ ಧಾರಾಳವಾಗಿತ್ತು. ಬ್ರೇಕು ಹಿಡಿಯಲೇ ಇಲ್ಲವೇ, ಎಂದರು; ಹೂಂ. ಜಿಂಕೆ ಅಡ್ಡ ಬಂದಿರಬೇಕಲ್ಲವೇ, ಹೂಂ. ಜಿಂಕೆಯ ಹಿಂದೆ ಏನೋ ಅಟ್ಟಿಸಿಕೊಂಡು ಬಂದಿರಲೇಬೇಕು, ಹೂಂ. ಭಾನುವಾರ ಆ ಕಥೆ ಚರ್ಚಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಲಿನೊ ಸಿಲ್ವೇರ ಬೆಟ್ಟದ ಸಿಂಹವೊಂದರ ಮೇಲೆ ಸೈಕಲ್ ಹಾರಿಸಿದ್ದ, ಹಾಗೂ ಆವತ್ತಿನ ಪೇಪರನ್ನೂ ಹೊತ್ತಿಗೆ ಸರಿಯಾಗಿ ತಲುಪಿಸಿದ್ದ.

ಆಮೇಲೆ ಬಂದವನು ಹಾಬ್ಸನ್, ಬೆಟ್ಟದ ಮೇಲಿನ ನೀರಿನ ಕೆರೆಗಳ ಕಾವಲುಗಾರ. ಈ ಸೈಕಲ್ ಪಿಶಾಚಿಗಳ ಹಿಂದೆ ಓಡಿ ಓಡಿ ಸರ್ಕಾರಿ ಜೀಪಿನ ಸ್ಪ್ರಿಂಗು ಮುರಿದುಕೊಂಡಿದ್ದ. ತನಗೆ ಬೇಡದ ಒಂದು ಬಾಗಿಲ ಕೀಲನ್ನು ಕೊಂಡು, ರೋಗದ ಬೇರು ಈ ಅಂಗಡಿಯಲ್ಲಿದೆ ಎಂದು ತನಗೆ ತಡವಾಗಿ ತಿಳಿಯಿತೆಂದು ಶುರು ಮಾಡಿದ. ಯುದ್ಧಕ್ಕೆ ಮುಂಚೆ ಮಾಡಿದ್ದನ್ನು ಇನ್ನು ಮೇಲೆ ಮಾಡಬಾರದು, ಎಂದ. ಲಿನೊ ಮನಃಪೂರ್ವಕವಾಗಿ ಹೂಂ ಅಂದ. ಹುಡುಗರು ಮುಂದಿನ ಶನಿವಾರ ಮೊದಲಿಗನ ಗೌರವಕ್ಕೆಂದು ಪಂದ್ಯ ಇಟ್ಟಿದ್ದಾರಂತೆ, ಮೊದಲು ನೀನೇ ಇಳಿಯುತ್ತೀಯಂತೆ, ನಿಜವೇ ಎಂದ. ಲಿನೊಗೆ ಇದು ಹೊಸ ಸುದ್ದಿ. ಆದರೂ ಹೂಂ ಅಂದ. ಹಾಬ್ಸನ್ ಎರಡು ಉತ್ತರದಿಂದಲೂ ತೃಪ್ತನಾಗಿ ಹೊರಟು, ಬಾಗಿಲ ಹತ್ತಿರ ನಿಂತು, ತಿರುಗಿ ನೋಡಿ, ತಲೆ ಕೆರೆದುಕೊಂಡು ಹೋದ.

ಪಂದ್ಯದ ಸುದ್ದಿ ಟಿಯಾಗೂ ಮುಟ್ಟಿತು. ಅವಳು ಅದನ್ನು ಗಿಲ್‌ನ ಸ್ಮರಣೆ ಎಂದು ತಿಳಿದಳು. ಲಿನೊ ಇಳಿಯುವುದು ತಮ್ಮನ ಪರವಾಗಿ, ಅವನ ಸೈಕಲ್ಲಿನ ಮೇಲೆ. ಅಲ್ಲದೆ ಮತ್ತೇನು? ಹುಡುಗರು ಕೊಟ್ಟಿಗೆಯಲ್ಲಿ ಕೂತು ಮಡ್‌ಗಾರ್ಡು, ಗಂಟೆ ಬಿಚ್ಚತೊಡಗಿದಾಗ ಅವಳು ಬಾಗಿಲಲ್ಲಿ ನಿಂತು, ಬಿಚ್ಚಿ, ಆ ಗಂಟೆ ಕಂಡರೆ ಅವನಿಗಾಗುತ್ತಿರಲಿಲ್ಲ ಎಂದಳು. ಆಮೇಲೆ ಕೊಟ್ಟಿಗೆಯ ಮೂಲೆಯಿಂದ, ಕವುಚಿ ಹಾಕಿದ್ದ ದೊಡ್ಡ ಹಂಡೆಯನ್ನು ಉರುಳಿಸಿಕೊಂಡು ಬಂದಳು.

ಅವರ ಜನರಲ್ಲಿ ಪವಿತ್ರಾತ್ಮನಿಗೆ ಹೊರುವ ಒಂದು ಹರಕೆಯಿದೆ. ಕೇಳಿಕೊಂಡದ್ದು ಈಡೇರಿದರೆ ಹಂಡೆಗಟ್ಟಲೆ ಮಾಂಸದ ಸಾರು ಮಾಡಿ, ಬ್ರೆಡ್ಡಿನ ಮೇಲೆ ಸುರಿದು, ಪುದೀನ ಉದುರಿಸಿ ಊರಿಗೆ ಇಕ್ಕಬೇಕು. ಹಂಡೆಯ ಮುಂದೆ ಬಂದು ನಿಂತವನನ್ನು ನೀನು ಯಾರು ಎನ್ನುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಆ ವರ್ಷ ಗಿಲ್‌ನ ಕಾಲು ಬಿದ್ದಾಗ ಡೆಲ್ಫಿನಾ ಹರಕೆ ಹೊತ್ತಿದ್ದಳು: ಅವನು ಎದ್ದು ನಡೆದರೆ ಊರಿಗೆಲ್ಲ ಸಾರು. ಅವನು ಏಳಲಿಲ್ಲ, ಹಂಡೆ ಒಲೆಗೇರಲಿಲ್ಲ. ಈಗ ಅವಳು ಬೂದಿ ಹಚ್ಚಿ ಅದನ್ನು ತಿಕ್ಕುತ್ತಿದ್ದಳು. ಹಾಡಿಕೊಂಡು ತಿಕ್ಕುತ್ತಿದ್ದಳು.

ಲಿನೊ ನಿಜ ಹೇಳಲು ಪ್ರಯತ್ನಿಸಲಿಲ್ಲ ಎನ್ನಬಾರದು. ಶುಕ್ರವಾರ ಅಕ್ಕನ ಎದುರು ಕೂತು, ನಿನಗೆ ಒಂದು ಮಾತು ಹೇಳಬೇಕು ಎಂದ. ಅವಳು ಅವನ ಮುಂದೆ ಒಂದು ಬುಟ್ಟಿ ಈರುಳ್ಳಿ ಇಟ್ಟು, ಹೆಚ್ಚುತ್ತ ಹೇಳು ಎಂದಳು. ಎರಡನೇ ಈರುಳ್ಳಿಗೆ ಅವನ ಕಣ್ಣಲ್ಲಿ ಧಾರೆ. ಅಕ್ಕ ನೋಡಿದಳು, ಪಕ್ಕದಲ್ಲಿ ಬಂದು ಕೂತಳು, ತಮ್ಮನ ಹೆಗಲಿಗೆ ತಲೆಯಿಟ್ಟು ಅತ್ತಳು. ನನಗೂ ಅಷ್ಟೇ ಲಿನೊ, ನನಗೂ ಅಷ್ಟೇ, ಎಂದಳಂತೆ. ಬುಟ್ಟಿ ಮುಗಿಯಿತು, ಮಾತು ಉಳಿಯಿತು.

ಶನಿವಾರ ಬೆಟ್ಟದ ತುದಿಗೆ ಪಿಕಪ್ ಗಾಡಿಯಲ್ಲಿ ಲಿನೊನನ್ನು ಕರೆದುಕೊಂಡು ಹೋದವನು ಡೆನ್ನಿ. ಮೊದಲಿಗ ಚರ್ಚಿನ ಸೂಟು ತೊಟ್ಟಿದ್ದ, ಪ್ಯಾಂಟಿನ ತುದಿಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಿಗಿದಿದ್ದ. ಹಗ್ಗದಂತೆ ತಿರುಚಿ ಕೆಳಗೆ ಬೀಳುವ ಆ ರಸ್ತೆಯನ್ನು ನೋಡುತ್ತ ನಿಂತು, ಇದನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದ. ಡೆನ್ನಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ವಯಸ್ಸಾದರೂ ಎಂಥ ತಮಾಷೆ ಉಳಿಸಿಕೊಂಡಿದ್ದಾರೆ ಎಂದು ಉಳಿದವರಿಗೂ ಹೇಳಿ ನಗಿಸಿದ. ನಗು ಮುಗಿಯುವ ಮುಂಚೆಯೇ ಲಿನೊ ಮೊದಲನೇ ತಿರುವಿನ ಆಚೆಗೆ ಮರೆಯಾಗಿದ್ದ.

ಬೆಟ್ಟದ ಬುಡದಲ್ಲಿ ಊರಿಗೆ ಊರೇ ಸೇರಿತ್ತು. ಹಂಡೆಯಿಂದ ಹಬೆಯೇಳುತ್ತಿತ್ತು. ನಾನು ಟಿಯಾ ಪಕ್ಕದಲ್ಲಿ ಪುದೀನ ಕೀಳುತ್ತಿದ್ದೆ. ಅವಳು ಕಪ್ಪು ಬಟ್ಟೆ ಬಿಟ್ಟು ಹಳದಿ ಹೂವಿನ ಒಂದು ಉಡುಪು ಹಾಕಿದ್ದಳು. ಪೆಟ್ಟಿಗೆಯ ಮಡಿಕೆಗಳು ಅದರ ಮೇಲೆ ಇನ್ನೂ ಗೆರೆಯಾಗಿ ಉಳಿದಿದ್ದವು. ಮಿಸೆಸ್ ಟ್ರಾಂಟರ್ ಸೇಬಿನ ಪೆಟ್ಟಿಗೆಯೊಂದರ ಮೇಲೆ ಹತ್ತಿ ಭಾಷಣ ಸುರು ಮಾಡಿದರು. ಈ ಮಹಾನ್ ಬೆಟ್ಟವನ್ನು ಮೊತ್ತಮೊದಲು ಸೈಕಲ್ ಮೇಲೆ ಇಳಿದ ಧೀರ, ಸಿಂಹಕ್ಕೂ ಅಂಜದವ, ನಮ್ಮ ನಡುವೆಯೇ ಮೊಳೆ ಮಾರುತ್ತ ಅಡಗಿದ್ದ ರತ್ನ ಲಿನೊ ಸಿಲ್ವೇರ, ಎಂದರು. ಜನ ಚಪ್ಪಾಳೆ ತಟ್ಟಿದರು.

ಸೌಟು ಹಿಡಿದ ಟಿಯಾಳ ಕೈ ನಿಂತಿತು.

“ಯಾರು ಅಂದ್ಲು ಅವಳು?” ಎಂದು ನನ್ನನ್ನು ಕೇಳಿದಳು.

ಲಿನೊ ಎಂದೆ. ಅವಳು ಮತ್ತೊಮ್ಮೆ ಕೇಳಿದಳು. ನಾನು ಮತ್ತೊಮ್ಮೆ ಹೇಳಿದೆ. ನನಗೇನು ಗೊತ್ತು, ಜಂಬದಿಂದಲೇ ಹೇಳಿದೆ. ಅವಳು ಸೌಟನ್ನು ಹಂಡೆಯ ಅಂಚಿಗೆ ಒರಗಿಸಿ, ಎರಡೂ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು. ಧೀರನ ಅಕ್ಕ ಎರಡು ಮಾತಾಡಬೇಕೆಂದು ಮಿಸೆಸ್ ಟ್ರಾಂಟರ್ ಕರೆದರು. ಅವನು ಬರಲಿ, ಎಂದಳು ಟಿಯಾ.

ಅವನು ಬರಲಿಲ್ಲ. ಹುಡುಗರು ನಾಲ್ಕೈದು ನಿಮಿಷದಲ್ಲಿ ಇಳಿಯುವ ದಾರಿ. ಮಿಸೆಸ್ ಟ್ರಾಂಟರ್ ಭಾಷಣವನ್ನು ಎಳೆದರು, ಸಿಂಹ ಎರಡಾಯಿತು, ಆಮೇಲೆ ಮರಿಗಳೂ ಬಂದವು. ಗಡಿಯಾರ ಹಿಡಿದವನು ಅದು ನಿಂತಿದೆಯೋ ಎಂದು ಕಿವಿಗಿಟ್ಟು ನೋಡಿದ. ಹಾಬ್ಸನ್ ತನ್ನ ಜೀಪಿಗೆ ಒರಗಿ, ತಾನು ಎಂದೋ ಹೇಳಿದ್ದೆ ಎಂಬುದನ್ನು ಹತ್ತಿರ ಬಂದವರಿಗೆಲ್ಲ ಹೇಳಿದ. ಕೊನೆಗೆ ಎಲ್ಲರ ಮಾತೂ ಮುಗಿದು, ಸಾರು ಕುದಿಯುವ ಸದ್ದು ಮಾತ್ರ ಉಳಿದಾಗ, ಕಡೆಯ ತಿರುವಿನಲ್ಲಿ ಒಂದು ಆಕಾರ ಕಾಣಿಸಿತು.

ಲಿನೊ ನಡೆದು ಬರುತ್ತಿದ್ದ. ಒಂದು ಕಾಲಲ್ಲಿ ಬೂಟಿರಲಿಲ್ಲ. ಸೂಟಿನ ತೋಳು ಹರಿದು ನೇತಾಡುತ್ತಿತ್ತು. ಮೇವು ಮುಗಿಸಿದ ಹಸುವನ್ನು ಮನೆಗೆ ಹೊಡೆದುಕೊಂಡು ಬರುವವನ ಹಾಗೆ, ಸೈಕಲ್ಲಿನ ಕತ್ತು ಹಿಡಿದು, ಅದರ ಪಕ್ಕದಲ್ಲಿ ನಿಧಾನವಾಗಿ ಬರುತ್ತಿದ್ದ. ಊರು ಜೋರಾಗಿ ಚಪ್ಪಾಳೆ ತಟ್ಟಿತು. ಬಿದ್ದರೂ ಬಿಡದ ಛಲ ಎಂದು ಯಾರೋ ಅಂದರು. ಮಾರ್ಗೋ ಪದ್ಧತಿಯಂತೆ ಓಡಿಹೋಗಿ ಹಿಂಚಕ್ರದ ಗುಂಬಕ್ಕೆ ಬೆರಳು ಮುಟ್ಟಿಸಿದಳು. ಬೆರಳು ಹಿಂದೆ ಬರಲಿಲ್ಲ. ಇಡೀ ಅಂಗೈ ಇಟ್ಟಳು. ಆಮೇಲೆ ತಲೆಯೆತ್ತಿ ನಮ್ಮ ಕಡೆ ನೋಡಿದಳು. ಗುಂಬ ಬೆಳಗಿನ ಹಾಲಿನ ಕ್ಯಾನಿನ ಹಾಗೆ ತಣ್ಣಗಿತ್ತು.

ಚಪ್ಪಾಳೆ ಒಂದೊಂದು ಕೈಯಾಗಿ ನಿಂತಿತು.

ಲಿನೊ ಯಾರನ್ನೂ ನೋಡಲಿಲ್ಲ. ಹಂಡೆಯ ಹತ್ತಿರ ಬಂದು ಅಕ್ಕನ ಮುಂದೆ ನಿಂತ.

“ಅವತ್ತು ಇಳಿದದ್ದು ನಾನಲ್ಲ,” ಎಂದ. ಇಡೀ ಊರಿಗೆ ಕೇಳಿಸಿತು. “ನಮ್ಮ ಗಿಲ್.”

ಆ ಹೆಸರಿಗೆ ಟಿಯಾ ಕಣ್ಣು ಮುಚ್ಚಿಕೊಂಡಳು. ಮಿಸೆಸ್ ಟ್ರಾಂಟರ್ ಪೆಟ್ಟಿಗೆಯ ಮೇಲಿನಿಂದ, ಗಿಲ್ ಅಂದರೆ ಯಾರು ಎಂದು ಕೇಳಿದರು. ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು ನೋಡಿದರು. ಊರಿನ ಇತಿಹಾಸವನ್ನೆಲ್ಲ ಒಬ್ಬರೇ ಕಾಪಾಡಿಕೊಂಡಿದ್ದ ಅವರಿಗೂ, ಅಲ್ಲಿ ನೆರೆದ ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಹೈನಿನ ಮನೆಗಳವರು ಹಸು ಮಾರಿ ಉತ್ತರಕ್ಕೆ ಹೋಗಿದ್ದರು, ಇಲ್ಲವೇ ಚರ್ಚಿನ ಹಿಂದೆ ಮಲಗಿದ್ದರು.

ಟಿಯಾ ಸೌಟು ತೆಗೆದುಕೊಂಡು ಬಡಿಸತೊಡಗಿದಳು. ಜನ ತಲೆ ತಗ್ಗಿಸಿ ಸಾಲು ನಿಂತರು; ಹಾಬ್ಸನ್ ಕೂಡ ಟೋಪಿ ತೆಗೆದು ನಿಂತ. ಎಲ್ಲರದೂ ಆದ ಮೇಲೆ, ಕೊನೆಯಲ್ಲಿ, ಒಂದು ಬೂಟಿನ ಲಿನೊ ಬಟ್ಟಲು ಹಿಡಿದು ಬಂದ. ಹಂಡೆಯ ಮುಂದೆ ಬಂದವನಿಗೆ ಇಲ್ಲ ಎನ್ನುವಂತಿಲ್ಲ. ಅವಳು ಬ್ರೆಡ್ಡು ಹಾಕಿದಳು, ಸಾರು ಸುರಿದಳು, ಪುದೀನದ ಒಂದು ಎಲೆ ಇಟ್ಟಳು. ಬಟ್ಟಲನ್ನು ಮಾತ್ರ ಕೈಯಿಂದ ಬಿಡಲಿಲ್ಲ.

“ಅವನದು ಅಂತ ಇದ್ದದ್ದು ಅದೊಂದೇ, ಲಿನೊ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಒಂದು ಒಳ್ಳೆ ಫೋಟೋ ಇಲ್ಲ. ಅದೊಂದೇ.”

“ಹೂಂ,” ಎಂದ ಲಿನೊ.

ಅವಳು ಬಟ್ಟಲು ಬಿಟ್ಟಳು. ಅವನು ಸೇಬಿನ ಪೆಟ್ಟಿಗೆಯ ಮೇಲೆ ಕೂತು ತಿಂದ. ತಿನ್ನುವುದು ಅವನಿಗೆ ಕಷ್ಟವಾಗುತ್ತಿತ್ತು, ಆದರೆ ಅಕ್ಕ ಎದುರಿಗೇ ನಿಂತಿದ್ದರಿಂದ ಪೂರ್ತಿ ತಿಂದ. ಆಮೇಲೆ ಅವಳೇ ಕೇಳಿದಳು, ಬೇರೆಯದೇ ದನಿಯಲ್ಲಿ:

“ಎಲ್ಲೀ ತನಕ ನೋಡ್ದೆ ನೀನು ಅವನ್ನ?”

“ಮೊದಲನೇ ತಿರುವಿನ ತನಕ. ನಾನು ಅಪ್ಪನ ಸೈಕಲ್ ತಳ್ಕೊಂಡು ಹಿಂದೆ ನಿಂತಿದ್ದೆ. ಬಾ ಅಂದ. ನಾನು ಹೋಗ್ಲಿಲ್ಲ. ಆಮೇಲೆ ಧೂಳೊಂದೇ ಕಾಣ್ತಿತ್ತು.”

ಟಿಯಾ ಈಗ ಲಿನೊ ಬಂದ ಆ ಕಡೆಯ ತಿರುವನ್ನು ನೋಡುತ್ತಿದ್ದಳು. ತಾನು ಆವತ್ತು ಅವರಿಬ್ಬರನ್ನು ಹುಡುಕಿಕೊಂಡು ಬಂದು ಇಲ್ಲೇ ನಿಂತಿದ್ದೆ, ಅವನು ಅಲ್ಲಿಂದ ಹೊಗೆಯೆಬ್ಬಿಸಿಕೊಂಡು ಹೊರಟು ಬಂದದ್ದು ಕಂಡೆ ಎಂದಳು. ಹೀಗೆ ತುದಿ ಲಿನೊನ ಹತ್ತಿರವಿತ್ತು, ಬುಡ ಡೆಲ್ಫಿನಾಳ ಹತ್ತಿರವಿತ್ತು. ನಡುವಿನದು ಭೂಮಿಯ ಮೇಲೆ ಯಾರ ಹತ್ತಿರವೂ ಇರಲಿಲ್ಲ.

ಅಷ್ಟು ಹೊತ್ತೂ ಮುಖ ಗಂಟಿಕ್ಕಿಕೊಂಡು ನಿಂತಿದ್ದ ಡೆನ್ನಿ ಬಟ್ಟಲು ಕೆಳಗಿಟ್ಟ. ಹತ್ತಿರ ಬಂದು ನೆಲದ ಮೇಲೆ ಕೂತ.

“ಮೊದಲನೇ ತಿರುವು ಆದ್ಮೇಲೆ ಒಂದು ನೇರ ಇಳಿಜಾರು ಸಿಗುತ್ತೆ, ಟಿಯಾ,” ಎಂದ. “ಅಲ್ಲಿ ಅವನು ಪೆಡಲಿಂದ ಕಾಲು ತೆಗೆದಿರ್ತಾನೆ. ಎಲ್ರೂ ತೆಗೀತಾರೆ. ತಡಿಯಕ್ಕಾಗಲ್ಲ.”

“ಆಮೇಲೆ ಬೇ ಲೀಫ್ ಮರಗಳ ಸಾಲು,” ಎಂದಳು ಮಾರ್ಗೋ. “ಒಳಗೆ ಹೊಕ್ಕರೆ ಕತ್ತಲೆ, ಎಲೆ ವಾಸನೆ ಮೂಗಿಗೆ ಹೊಡೆಯುತ್ತೆ. ಅಲ್ಲಿ ಕೂಗಿರ್ತಾನೆ. ಕೂಗಿದ್ರೆ ತಿರುಗಿ ಕೇಳಿಸುತ್ತೆ ಅಲ್ಲಿ.”

ದಂಡಿನವರು ಒಬ್ಬೊಬ್ಬರಾಗಿ ಸುತ್ತ ಬಂದು ಕೂತರು. ಒಬ್ಬ ತೊರೆ ದಾಟುವ ಜಾಗ ಹೇಳಿದ, ಇನ್ನೊಬ್ಬ ನೀರು ಕೊರೆದ ಹಳ್ಳಗಳನ್ನು, ಯಾವ ಹಳ್ಳದಲ್ಲಿ ಚಕ್ರ ಯಾವ ಕಡೆ ಎಳೆಯುತ್ತದೆ ಎಂಬುದನ್ನು. ಎಷ್ಟೋ ಸಲ ಬಿದ್ದು, ಮೈಯ ಚರ್ಮ ಕೊಟ್ಟು ಅವರು ಆ ರಸ್ತೆಯನ್ನು ಕಲಿತದ್ದರ ಬಗ್ಗೆ ಊರು ಮೊದಲ ಸಲ ಬೈಯಲಿಲ್ಲ. ಟಿಯಾ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದಳು. ಲಿನೊ ಬರಿಗಾಲನ್ನು ಬೂಟಿನ ಕಾಲ ಮೇಲಿಟ್ಟುಕೊಂಡು ಕೇಳುತ್ತಿದ್ದ.

“ಕಲ್ಲಿನ ತಿರುವಲ್ಲಿ ಬಿದ್ದಿರ್ತಾನೆ,” ಎಂದಳು ಮಾರ್ಗೋ.

ಬಿದ್ದೇ ಇರಬೇಕೆಂದಿಲ್ಲ ಎಂದ ಡೆನ್ನಿ, ಟಿಯಾ ಮುಖ ನೋಡಿ.

“ಅಷ್ಟೊತ್ತಿಗೆ ಬ್ರೇಕು ಸುಟ್ಟಿರುತ್ತೆ ಮಾರಾಯ, ಬೀಳದೆ ಎಲ್ಲಿ ಹೋಗ್ತಾನೆ. ನಾವೆಲ್ಲ ಬೀಳಲ್ವಾ? ಎಡಕ್ಕೆ,” ಎಂದಳು ಮಾರ್ಗೋ.

“ಎಡಕ್ಕೇನಾ?” ಎಂದಳು ಟಿಯಾ.

“ಅಲ್ಲಿ ಎಡಕ್ಕೇ ಬೀಳೋದು, ಟಿಯಾ.”

ಟಿಯಾ ತನ್ನ ಎಡ ಮೊಣಕೈಯನ್ನು ಬಲಗೈಯಿಂದ ನಿಧಾನವಾಗಿ ಹಿಡಿದುಕೊಂಡಳು.

“ಮೊಣಕೈಗೆ ಕೊಂಬೆ ತಾಗ್ತು ಅಂದಿದ್ದ,” ಎಂದಳು. “ಒಂದ್ಸಲಾನೂ ಬೀಳ್ಲಿಲ್ಲ ಅಂತ ಆಣೆ ಇಟ್ಟಿದ್ದ ನನ್ನ ಹತ್ರ, ಕಳ್ಳ.” ಅವಳು ಸೇಬಿನ ಪೆಟ್ಟಿಗೆಯ ಮೇಲೆ ಲಿನೊನನ್ನು ಸರಿಸಿ ಜಾಗ ಮಾಡಿಕೊಂಡು ಕೂತಳು. “ಆಮೇಲೆ?”